ಇಂಟರ್ನ್‌ಶಿಪ್ಪಿಗೆ ಒಂದು ಕ್ವಿಂಟಲ್ ಕೊಬ್ಬರಿ

ಹೋದ ವಾರ ತುರುವೇಕೆರೆ ಕಡೆಯ ಹುಡುಗಿಯೊಬ್ಬಳು ನಮಗೆ ಫೋನ್ ಮಾಡಿದ್ದಳು. ಡಿಗ್ರಿ ಕೊನೆ ವರ್ಷ. ತುಮಕೂರಿನ ಒಂದು ಸಂಸ್ಥೆಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿದೆ. ನಗರದ ವಾರ್ಡುಗಳಲ್ಲಿ ಓಡಾಡಿ ರಸ್ತೆ, ಚರಂಡಿ, ಬೀದಿದೀಪ, ಪಾರ್ಕು ಇವುಗಳ ಮಾಹಿತಿ ಸೇರಿಸುವ ಕೆಲಸ. ಸಂಬಳ ಇಲ್ಲ. ಮುಗಿದ ಮೇಲೆ ಸರ್ಟಿಫಿಕೇಟ್ ಕೊಡುತ್ತಾರೆ.

"ಕೆಲಸ ಇಷ್ಟ ಆಗಿದೆ. ಆದ್ರೆ ರೂಮು, ಊಟ ಸೇರಿ ತಿಂಗಳಿಗೆ ಆರು ಸಾವಿರ ಆಗುತ್ತಂತೆ. ಅಪ್ಪನ್ನ ಕೇಳ್ಲಾ, ಬೇಡ್ವಾ?"

ನಾವು ತಕ್ಷಣ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಗೆ ಹೂಂ ಅಂದವರೂ ನಮ್ಮ ಗುಂಪಿನಲ್ಲಿದ್ದಾರೆ, ಉಹೂಂ ಅಂದವರೂ ಇದ್ದಾರೆ. ಹೂಂ ಅಂದವನ ಕತೆ ಮೊದಲು ಕೇಳಿ.

2023ರ ಬೇಸಿಗೆ. ನಮ್ಮಲ್ಲೊಬ್ಬ ಪತ್ರಿಕೋದ್ಯಮ ಓದುತ್ತಿದ್ದ. ಬೆಂಗಳೂರಿನ ಒಂದು ಕಚೇರಿಯಲ್ಲಿ ಇಂಟರ್ನ್ ಆಗಿ ಸೇರಿದ. ಹೋಗುವ ಮುಂಚೆ ರೂಮಿಗೆ ಅಡ್ವಾನ್ಸ್ ಕೊಡಬೇಕಿತ್ತು. ಮನೆಯಲ್ಲಿ ಕಾಸಿರಲಿಲ್ಲ, ಅಟ್ಟದ ಮೇಲೆ ಕೊಬ್ಬರಿ ಇತ್ತು. ಕೊಬ್ಬರಿ ಅಂದರೆ ಏನು ಅಂತ ನಿಮಗೆ ನಾವು ಹೇಳಬೇಕಾಗಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು, ನೀರಾರಿ, ಕುಲುಕಿದರೆ ಒಳಗೆ ಗಡಗಡ ಅನ್ನಬೇಕು. ಆಮೇಲೆ ಇಳಿಸಬೇಕು, ಸುಲಿಸಬೇಕು, ಒಡೆಸಬೇಕು. ಅದು ನಮ್ಮ ಸೀಮೆಯ ಬ್ಯಾಂಕ್ ಎಫ್‌ಡಿ. ಅವಸರಕ್ಕೆ ಮುರಿಸಿದರೆ ನಷ್ಟ ಗ್ಯಾರಂಟಿ.

ಆ ವರ್ಷ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ತಿಪಟೂರು ಮಾರುಕಟ್ಟೆಯಲ್ಲಿ ಮಾತ್ರ ರೇಟು ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ನಾಫೆಡ್‌ಗೆ ಕೊಡೋಣ ಅಂದರೆ ಹೆಸರು ಬರೆಸಬೇಕು, ಸರದಿ ಕಾಯಬೇಕು, ದುಡ್ಡು ಬರುವ ತನಕ ಕಾಯಬೇಕು. ಪಿಜಿ ಓನರ್ ಕಾಯುತ್ತಾನಾ? ಅಪ್ಪ ಎರಡು ಕ್ವಿಂಟಲ್ ಮಾರುಕಟ್ಟೆಗೆ ಹಾಕಿ ಬಂದರು. ಬೆಂಬಲ ಬೆಲೆಗೆ ಹೋಲಿಸಿದರೆ ಏಳೂವರೆ ಸಾವಿರ ಅಲ್ಲೇ ಹೋಯಿತು. ಮಗನಿಗೆ ಆ ಲೆಕ್ಕ ಹೇಳಲಿಲ್ಲ. ಅವನೇ ಆಮೇಲೆ ಚೀಟಿ ನೋಡಿ ತಿಳಿದುಕೊಂಡ.

ಬೆಂಗಳೂರಲ್ಲಿ ಏನು ಮಾಡಿದ? ಮೊದಲ ಹದಿನೈದು ದಿನ ಹಳೇ ಪೇಪರ್ ಕಟಿಂಗ್ ಸ್ಕ್ಯಾನ್ ಮಾಡಿದ. ಆಮೇಲೆ ಒಬ್ಬ ಹಿರಿಯ ವರದಿಗಾರರ ಜೊತೆ ಎರಡು ಸಲ ಹೊರಗೆ ಹೋದ. ಆ ಎರಡು ದಿನದಲ್ಲಿ ಕಲಿತದ್ದನ್ನು ಇವತ್ತಿಗೂ ಹೇಳುತ್ತಾನೆ, ಅದನ್ನು ನಾವು ಕಡೆಗಣಿಸುವುದಿಲ್ಲ. ಅವನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹುಡುಗನ ಮನೆ ಜಯನಗರದಲ್ಲಿತ್ತು. ಮಧ್ಯಾಹ್ನ ಮನೆಯಿಂದ ಡಬ್ಬಿ ತರುತ್ತಿದ್ದ. ಅವನಿಗೆ ಇಂಟರ್ನ್‌ಶಿಪ್ ನಿಜಕ್ಕೂ ಪುಕ್ಕಟೆ. ನಮ್ಮವನಿಗೆ ಅದೇ ಕಾಗದ ಎರಡು ಕ್ವಿಂಟಲ್ ಕೊಬ್ಬರಿಗೆ ಸಿಕ್ಕಿತು.

ನಮ್ಮ ತಕರಾರು ಇಷ್ಟೇ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಎಲ್ಲರಿಗೂ ಒಂದೇ ಎಂದು ಕಾಣುತ್ತದೆ, ಆದರೆ ಅದರ ಫೀಸನ್ನು ಕಟ್ಟುವವರು ಹಳ್ಳಿಯವರು ಮಾತ್ರ.

ಈಗ ತುಮಕೂರಿನ ವಿಷಯಕ್ಕೆ ಬರೋಣ. ನಮ್ಮ ಜಿಲ್ಲಾ ಕೇಂದ್ರವನ್ನು 2016ರಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿಸಿದರು. ರಾಜ್ಯದ ಏಳು ಸ್ಮಾರ್ಟ್ ಸಿಟಿಗಳಲ್ಲಿ ಇದೂ ಒಂದು. ಆಮೇಲಿನ ವರ್ಷಗಳಲ್ಲಿ ಆ ಊರನ್ನು ಅಗೆದದ್ದನ್ನು ನಾವೂ ನೀವೂ ನೋಡಿದ್ದೇವೆ. ಅಗೆದದ್ದನ್ನು ಮುಚ್ಚಿ, ಮುಚ್ಚಿದ್ದನ್ನು ಮತ್ತೆ ಅಗೆದರು. ಬಸ್ ನಿಲ್ದಾಣ ಹೊಸದಾಯಿತು, ಅಮಾನಿಕೆರೆ ಸುತ್ತ ಕೆಲಸ ನಡೆಯಿತು, ಮಹಾತ್ಮ ಗಾಂಧಿ ಕ್ರೀಡಾಂಗಣವನ್ನು ಹೊಸದಾಗಿ ಕಟ್ಟಿದರು. ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಮುಗಿಯಿತು. ಊರು ಬೆಳೆಯುವುದೇನೂ ನಿಂತಿಲ್ಲ. ಆ ಕಡೆ ವಸಂತನರಸಾಪುರದ ಕೈಗಾರಿಕಾ ಪ್ರದೇಶ, ಈ ಕಡೆ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ.

ಇಂಥ ಊರುಗಳಿಗೆ ವಿದ್ಯಾರ್ಥಿಗಳನ್ನು ಕಳಿಸಲೆಂದೇ ಒಂದು ಯೋಜನೆ ಬಂತು. ಹೆಸರು ಟ್ಯೂಲಿಪ್. 2020ರ ಜೂನ್ 4ರಂದು, ಕೊರೊನಾ ಕಾಲದಲ್ಲೇ, ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ ಹಾಗೂ ಎಐಸಿಟಿಇ ಸೇರಿ ಶುರು ಮಾಡಿದವು. ಡಿಗ್ರಿ ಮುಗಿಸಿ ಒಂದೂವರೆ ವರ್ಷದೊಳಗೆ ಇರುವವರು ಸ್ಮಾರ್ಟ್ ಸಿಟಿಗಳಲ್ಲಿ, ನಗರಸಭೆಗಳಲ್ಲಿ ಎಂಟು ವಾರದಿಂದ ಒಂದು ವರ್ಷದವರೆಗೆ ಇಂಟರ್ನ್ ಆಗಬಹುದಿತ್ತು. ಯೋಚನೆ ಒಳ್ಳೆಯದೇ. ಆದರೆ ಸ್ಟೈಪೆಂಡ್ ಕೊಡುವುದು ಬಿಡುವುದನ್ನು ಆಯಾ ನಗರಸಂಸ್ಥೆಗಳ ಇಷ್ಟಕ್ಕೆ ಬಿಟ್ಟರು. ಇಡೀ ಯೋಜನೆಯಲ್ಲಿ ನಮ್ಮಂಥವರು ಹೋಗಬಹುದೋ ಇಲ್ಲವೋ ಅನ್ನುವುದು ಆ ಒಂದು ಸಾಲಿನಲ್ಲಿ ತೀರ್ಮಾನವಾಗಿಬಿಟ್ಟಿತು.

"ಈಗ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಇದೆಯಲ್ಲ, ಅದರಲ್ಲಿ ದುಡ್ಡು ಕೊಡ್ತಾರಲ್ಲ" ಅಂತ ನೀವು ಕೇಳಬಹುದು. ಹೌದು, 2024ರ ಅಕ್ಟೋಬರ್‌ನಲ್ಲಿ ಶುರುವಾದಾಗ ಆ ಯೋಜನೆಯಲ್ಲಿ ದೊಡ್ಡ ಕಂಪನಿಗಳಲ್ಲಿ ಒಂದು ವರ್ಷ ಕೆಲಸ, ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಂದು ಸಲ 6,000 ಅಂತಿತ್ತು. ಮೊದಲ ಸುತ್ತಿನಲ್ಲಿ 82 ಸಾವಿರದಷ್ಟು ಆಫರ್ ಹೋದವು. ಒಪ್ಪಿಕೊಂಡದ್ದು 28 ಸಾವಿರ ಚಿಲ್ಲರೆ. ಕೊನೆಗೆ ಹೋಗಿ ಸೇರಿದವರು ಸುಮಾರು 8,700. ಜಾಗ ದೂರ, ಅವಧಿ ಉದ್ದ, ಇವು ಜನ ಹೇಳಿದ ಕಾರಣಗಳಲ್ಲಿ ಸೇರಿವೆ. ನಮಗೆ ಇದು ಆಶ್ಚರ್ಯ ಅಲ್ಲ. ತಿಂಗಳಿಗೆ ಐದು ಸಾವಿರ ಮನೆಯಲ್ಲಿದ್ದವರಿಗೆ ಪಾಕೆಟ್ ಮನಿ, ದೂರದ ಊರಿಗೆ ಹೋದವರಿಗೆ ಅರ್ಧ ಬಾಡಿಗೆ.

ಬೇರೆ ದೇಶದಲ್ಲಿ ಹೇಗೆ ಮಾಡುತ್ತಾರೆ ಅಂತ ಸ್ವಲ್ಪ ಓದಿದೆವು. ಅಮೆರಿಕದ ಡೆಟ್ರಾಯಿಟ್ ಊರು ಗೊತ್ತಿರಬಹುದು, ಫೋರ್ಡ್ ಕಾರಿನ ಊರು. ನಾವು ತೆಂಗು ನಂಬಿದ ಹಾಗೆ ಅದು ಕಾರನ್ನು ನಂಬಿತ್ತು. 1950ರಲ್ಲಿ ಅಲ್ಲಿ 18 ಲಕ್ಷದ ಮೇಲೆ ಜನ ಇದ್ದರು, 2010ಕ್ಕೆ ಏಳು ಲಕ್ಷದ ಚಿಲ್ಲರೆಗೆ ಇಳಿಯಿತು. ಕಾರ್ಖಾನೆ ಮುಚ್ಚಿದವು, ಮನೆಗಳು ಹಾಳು ಬಿದ್ದವು, 2013ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಹಾಕಿತು. ಆಮೇಲೆ ಊರನ್ನು ಮತ್ತೆ ಕಟ್ಟಲು ಹೊರಟರು. ಮಿಷಿಗನ್ ವಿಶ್ವವಿದ್ಯಾಲಯ ಇರುವುದು ಅಲ್ಲಿಂದ ಎಪ್ಪತ್ತು ಕಿಲೋಮೀಟರ್ ಆಚೆ, ಹೆಚ್ಚುಕಮ್ಮಿ ತಿಪಟೂರಿಗೂ ತುಮಕೂರಿಗೂ ಇರುವಷ್ಟು ದೂರ. ಅವರ ಕೆಲವು ಕಾರ್ಯಕ್ರಮಗಳಲ್ಲಿ ವಿದ್ಯಾರ್ಥಿಗಳನ್ನು ಬೆಳಿಗ್ಗೆ ಬಸ್ಸಿನಲ್ಲಿ ಕಳಿಸಿ ಸಂಜೆ ವಾಪಸ್ ಕರೆಸಿಕೊಳ್ಳುವುದಿಲ್ಲ. ಡೆಟ್ರಾಯಿಟ್‌ನಲ್ಲೇ ಇರಿಸುತ್ತಾರೆ, ಅಲ್ಲಿನ ಬೀದಿಬೀದಿಯ ಸಂಘಗಳ ಜೊತೆ ಕೆಲಸಕ್ಕೆ ಹಾಕುತ್ತಾರೆ, ಆ ಊರಿನ ಇತಿಹಾಸದ ಪಾಠ ಮಾಡುತ್ತಾರೆ. ಬೇಸಿಗೆಯ ಒಂದು ಕಾರ್ಯಕ್ರಮದಲ್ಲಿ ಭತ್ಯೆ, ವಸತಿ ಎರಡೂ ಇವೆ. ಅಲ್ಲಿಯೂ ದೂರುಗಳಿಲ್ಲದೆ ಇರಲಾರವು. ಹೊರಗಿನ ಓದಿದ ಹುಡುಗರು ಬಂದು ನಮ್ಮ ಊರು ಉದ್ಧಾರ ಮಾಡುತ್ತೇವೆ ಅಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ? ಆದರೆ ಒಂದು ಮಾತನ್ನು ಅವರು ಒಪ್ಪಿಕೊಂಡಿದ್ದಾರೆ. ವಿದ್ಯಾರ್ಥಿ ಎಲ್ಲಿ ಮಲಗಬೇಕು, ಏನು ತಿನ್ನಬೇಕು ಅನ್ನುವುದನ್ನು ಮೊದಲೇ ಯೋಚಿಸುವುದು ವಿಶ್ವವಿದ್ಯಾಲಯದ ಕೆಲಸ.

ಇದನ್ನು ಕಲಿಯಲು ಅಮೆರಿಕದ ತನಕ ಹೋಗಬೇಕಾ ಅಂದರೆ, ಬೇಡ. ತುಮಕೂರಿಗೇ ಹೋದರೆ ಸಾಕು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಓದುತ್ತಾರೆ. 2019ರ ಜನವರಿಯಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ನಮ್ಮ ಊರುಗಳಿಂದ ಲಾರಿ, ಟ್ರ್ಯಾಕ್ಟರ್ ಹತ್ತಿ ಹೋದವರಲ್ಲಿ ಎಷ್ಟು ಜನ ಅಲ್ಲಿ ಉಂಡು ಓದಿದವರು ಅಂತ ನಿಮ್ಮ ಬೀದಿಯಲ್ಲೇ ಎಣಿಸಿ. ಅಲ್ಲಿ ಶಾಲೆ ಪುಕ್ಕಟೆ ಅಂತ ಮಾತ್ರ ಹೇಳಿದ್ದರೆ ಆ ಮಕ್ಕಳು ಬರುತ್ತಲೇ ಇರಲಿಲ್ಲ. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಒಟ್ಟಿಗೆ ಕೊಟ್ಟಿದ್ದರಿಂದ ಬಂದರು. ಈಗಿನ ಇಂಟರ್ನ್‌ಶಿಪ್ಪುಗಳು ಅಕ್ಷರ ಒಂದನ್ನು ಇಟ್ಟುಕೊಂಡು ಉಳಿದ ಎರಡನ್ನು ಅಪ್ಪನ ತಲೆಗೆ ಕಟ್ಟುತ್ತಿವೆ.

ಹಾಗಾದರೆ ದುಡ್ಡು ಎಲ್ಲಿಂದ? ನಮ್ಮದು ದೊಡ್ಡ ಬೇಡಿಕೆಯೇನಲ್ಲ. ತುಮಕೂರಿನಲ್ಲಿ ಸಮಾಜ ಕಲ್ಯಾಣದ ಹಾಸ್ಟೆಲ್ಲುಗಳಿವೆ, ಬಿಸಿಎಂ ಹಾಸ್ಟೆಲ್ಲುಗಳಿವೆ, ವಿಶ್ವವಿದ್ಯಾಲಯದ ಹಾಸ್ಟೆಲ್ಲುಗಳಿವೆ. ರಜೆ ಬಂತೆಂದರೆ ಮಕ್ಕಳು ಟ್ರಂಕು ಹೊತ್ತು ಊರಿಗೆ ಬರುತ್ತಾರೆ, ಕೋಣೆಗಳಿಗೆ ಬೀಗ ಬೀಳುತ್ತದೆ. ಇಂಟರ್ನ್‌ಶಿಪ್ ನಡೆಯುವುದೂ ಅದೇ ರಜೆಯಲ್ಲಿ. ಒಂದೆರಡು ಹಾಸ್ಟೆಲ್ಲನ್ನು ಎರಡು ತಿಂಗಳು ತೆರೆದಿಟ್ಟು, ಇಂಟರ್ನ್‌ಶಿಪ್ ಪತ್ರ ತೋರಿಸಿದವರಿಗೆ ಮಂಚ, ಊಟ ಕೊಟ್ಟರೆ ಹೊಸ ಕಟ್ಟಡ ಬೇಡ, ಹೊಸ ಇಲಾಖೆ ಬೇಡ, ಒಂದು ಸುತ್ತೋಲೆ ಸಾಕು. ಅಡುಗೆಯವರಿಗೆ ಎರಡು ತಿಂಗಳ ಸಂಬಳವೂ ಸಿಕ್ಕೀತು. (ಈಗ ಸೆಮಿಸ್ಟರ್ ಪರೀಕ್ಷೆ ಯಾವಾಗ ಮುಗಿಯುತ್ತೆ, ರಜೆ ಯಾವಾಗ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲ ಅನ್ನಿ. ಅದು ಇನ್ನೊಂದು ದಿನ ಬರೆಯುವಷ್ಟು ದೊಡ್ಡ ಕತೆ.)

ಓಡಾಟದ ಖರ್ಚಿನ ಬಗ್ಗೆ ಒಂದು ಒಳ್ಳೆಯ ಸುದ್ದಿಯನ್ನೂ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಹೆಣ್ಣುಮಕ್ಕಳು ಕೆ.ಬಿ. ಕ್ರಾಸಿನಲ್ಲಿ ಬಸ್ ಹತ್ತಿ ತುಮಕೂರಿನಲ್ಲಿ ಇಳಿದರೆ ಸೊನ್ನೆ ಟಿಕೆಟ್. ನಮ್ಮ ಮೂರು ತಾಲ್ಲೂಕಿನ ದಾರಿ ಸೇರುವುದೇ ಆ ಕ್ರಾಸಿನಲ್ಲಿ. ಹುಳಿಯಾರು, ಚಿಕ್ಕನಾಯಕನಹಳ್ಳಿಯಿಂದ ಒಂದು ರಸ್ತೆ, ತುರುವೇಕೆರೆಯಿಂದ ಒಂದು, ತಿಪಟೂರಿನಿಂದ ಒಂದು. ಅಲ್ಲಿ ಬೆಳಿಗ್ಗೆ ನಿಂತು ನೋಡಿ, ಬ್ಯಾಗು ಹಾಕಿಕೊಂಡ ಹುಡುಗಿಯರ ಸಾಲು ಕಾಣುತ್ತದೆ. ರೂಮು ಸಿಗದಿದ್ದರೂ ದಿನಾ ಹೋಗಿ ಬಂದು ಇಂಟರ್ನ್‌ಶಿಪ್ ಮುಗಿಸುವ ದಾರಿ ಅವರಿಗಾದರೂ ತೆರೆಯಿತು. ಆದರೆ ಕ್ರಾಸಿಗೆ ಬರುವ ತನಕದ ಕತೆ ಬೇರೆ. ಒಳಗಿನ ಹಳ್ಳಿಗೆ ಸಂಜೆ ಏಳರ ಮೇಲೆ ಬಸ್ಸಿಲ್ಲ. ಮಗಳು ಕತ್ತಲಾದ ಮೇಲೆ ಕ್ರಾಸಿನಲ್ಲಿ ಇಳಿದರೆ ಅಣ್ಣನೋ ಅಪ್ಪನೋ ಬೈಕು ತೆಗೆದುಕೊಂಡು ಬರಬೇಕು. ನಾಲ್ಕು ದಿನ ಬರುತ್ತಾರೆ. ಐದನೇ ದಿನ "ಸಾಕು ಬಿಡು" ಅನ್ನುತ್ತಾರೆ.

ಇಷ್ಟೆಲ್ಲ ಕಷ್ಟಪಟ್ಟು ನಮ್ಮ ಮಕ್ಕಳು ಹೋಗಬೇಕು ಅಂತ ಯಾಕೆ ಹೇಳುತ್ತಿದ್ದೇವೆ? ತುಮಕೂರಿನ ಮಕ್ಕಳೇ ಆ ಕೆಲಸ ಮಾಡಿದರಾಗದಾ?

ಇಲ್ಲಿ ನಮ್ಮ ಕಾಲೇಜು ದಿನದ್ದೊಂದು ಅನುಭವ. ಬಸ್ ನಿಲ್ದಾಣದಲ್ಲಿ ಕೂತು ಪ್ರಯಾಣಿಕರನ್ನು ಮಾತಾಡಿಸಿ ವರದಿ ಬರೆಯಿರಿ ಅಂತ ನಮಗೆ ಅಸೈನ್‌ಮೆಂಟ್ ಕೊಟ್ಟಿದ್ದರು. ಹಳೇ ನಿಲ್ದಾಣ ಕೆಡವಿದ್ದ ಕಾಲ, ಬಸ್ಸುಗಳು ತಾತ್ಕಾಲಿಕ ಜಾಗದಲ್ಲಿ ನಿಲ್ಲುತ್ತಿದ್ದವು. ನಮ್ಮ ಜೊತೆ ಇದ್ದ ನಗರದ ಗೆಳೆಯರು ಕೇಳಿದ ಪ್ರಶ್ನೆ: "ಧೂಳು ಇದೆಯಾ? ಟ್ರಾಫಿಕ್ ಸಮಸ್ಯೆ ಇದೆಯಾ?" ಜನ ಹೌದು ಹೌದು ಅಂದರು, ಅವರು ಬರೆದುಕೊಂಡರು. ನಮ್ಮವಳೊಬ್ಬಳು ಹುಳಿಯಾರು ಬಸ್ಸಿಗೆ ಕಾಯುತ್ತಿದ್ದ ಹೆಂಗಸಿನ ಪಕ್ಕ ಸುಮ್ಮನೆ ಕೂತು, "ಬೆಳಿಗ್ಗೆ ಎಷ್ಟೊತ್ತಿಗೆ ಬಿಟ್ರಿ ಮನೇನ?" ಅಂದಳು. ಆರಕ್ಕೆ. ಜಿಲ್ಲಾಸ್ಪತ್ರೆಗೆ ಬಂದಿದ್ದರು. ಬೆಳಿಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಯಾಕೆ ಅಂದರೆ, ಕುಡಿದರೆ ಹೋಗಬೇಕಾಗುತ್ತೆ, ಎಲ್ಲಿಗೆ ಹೋಗೋದು ಗೊತ್ತಿಲ್ಲ. ಮಾತ್ರೆ ಸೀಟಿ ಕೈಯಲ್ಲೇ ಇತ್ತು, ಊಟ ಆದ ಮೇಲೆ ನೀರಿನ ಜೊತೆ ತಗೊಳ್ಳಿ ಅಂತ ಡಾಕ್ಟರ್ ಹೇಳಿದ್ದರು. ಅದನ್ನೂ ಊರಿಗೆ ಹೋದ ಮೇಲೇ ತಗೋತೀನಿ ಅಂದರು.

ಆ ಪ್ರಶ್ನೆ ನಮ್ಮವಳಿಗೆ ಹೊಳೆದದ್ದು ಅವಳು ಬಹಳ ಬುದ್ಧಿವಂತೆ ಅಂತಲ್ಲ. ಅವಳ ಅಮ್ಮನೂ ತುಮಕೂರಿಗೆ ಹೋಗುವ ದಿನ ನೀರು ಕುಡಿಯುವುದಿಲ್ಲ, ಅದಕ್ಕೆ.

ತುಮಕೂರು ನಗರ ತುಮಕೂರಿನವರದ್ದು ಮಾತ್ರ ಅಲ್ಲ. ಡಿಸಿ ಆಫೀಸಿಗೆ, ಕೋರ್ಟಿಗೆ, ಜಿಲ್ಲಾಸ್ಪತ್ರೆಗೆ, ಮಗಳ ಕಾಲೇಜಿಗೆ, ಮೋಟರ್ ಸ್ಪೇರ್ ಪಾರ್ಟ್ಸಿಗೆ ನಾವು ಅಲ್ಲಿಗೇ ಹೋಗಬೇಕು. ದಿನಾ ಬಸ್ಸಿಳಿದು, ಕೆಲಸ ಮುಗಿಸಿ, ಸಂಜೆ ವಾಪಸ್ ಬರುವ ಸಾವಿರಾರು ಜನರ ಓಟು ಅಲ್ಲಿಲ್ಲ. ಪಾಲಿಕೆ ಸದಸ್ಯರು ನಮ್ಮನ್ನು ಕೇಳಬೇಕಾದ ಕಾನೂನಿಲ್ಲ. ಊರನ್ನು ಹೊಸದಾಗಿ ಕಟ್ಟುವ ಮೇಜಿನ ಹತ್ತಿರ ನಮ್ಮ ಕಡೆಯವರು ಒಬ್ಬರಾದರೂ ಕೂರಬೇಕು ಅಂದರೆ, ಸದ್ಯಕ್ಕೆ ಇಂಟರ್ನ್ ಕುರ್ಚಿಯೇ ಸಿಗುವ ಕುರ್ಚಿ. ಅದು ಸಣ್ಣದು, ಕಾಲೂ ಸ್ವಲ್ಪ ಅಲ್ಲಾಡುತ್ತೆ. ಆದರೂ ಕುರ್ಚಿ.

ಹಾಗೆ ಕೂತವರಿಗೆ ಕೆಲಸವನ್ನೂ ಸರಿಯಾಗಿ ಕೊಡಬೇಕು. ಮೂಲೆಯಲ್ಲಿ ಕೂರಿಸಿ ಎಕ್ಸೆಲ್ ತುಂಬಿಸುವುದಕ್ಕೆ ಒಂದು ಕ್ವಿಂಟಲ್ ಕೊಬ್ಬರಿ ಖರ್ಚು ಮಾಡಿ ಹೋಗಬೇಕಾಗಿಲ್ಲ. ಆಸ್ಪತ್ರೆ ಗೇಟಿನಲ್ಲಿ ಒಂದು ವಾರ, ನಿಲ್ದಾಣದಲ್ಲಿ ಒಂದು ವಾರ, ಎಪಿಎಂಸಿಯಲ್ಲಿ ಒಂದು ವಾರ ನಿಲ್ಲಿಸಿ. ಬಂದವರು ಎಲ್ಲಿ ತಡವರಿಸುತ್ತಾರೆ, ಯಾವ ಬೋರ್ಡು ಓದಲಾರರು, ಎಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟುತ್ತಾರೆ ಬರೆಯಲಿ. ಬರೆದದ್ದನ್ನು ಇಂಜಿನಿಯರ್ ಮುಂದೆ ಓದಿಸಿ. ಓದಿದ ಮೇಲೆ ಏನು ಮಾಡಿದಿರಿ ಅಂತ ಒಂದು ಕಾಗದ ಕಾಲೇಜಿಗೆ ಬರಲಿ. ಸರ್ಟಿಫಿಕೇಟಿಗಿಂತ ಆ ಕಾಗದಕ್ಕೆ ಬೆಲೆ ಹೆಚ್ಚು.

ನಮ್ಮ ತಾಲ್ಲೂಕು ಕೇಂದ್ರಗಳೂ ಬೇಕಾದರೆ ಇದನ್ನು ಮಾಡಬಹುದು. ಟ್ಯೂಲಿಪ್ ಮಾಡಿದ್ದು ಸ್ಮಾರ್ಟ್ ಸಿಟಿಗಳಿಗೆ ಮಾತ್ರ ಅಲ್ಲ, ಎಲ್ಲ ನಗರ ಸ್ಥಳೀಯ ಸಂಸ್ಥೆಗಳಿಗೆ. ಅಂದರೆ ಅದರ ಪ್ರಕಾರ ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಪಟ್ಟಣ ಪಂಚಾಯಿತಿ ಕೂಡ ಇಂಟರ್ನ್ ಬೇಕು ಅಂತ ಹಾಕಬಹುದಿತ್ತು. ಕಸ, ಕುಡಿಯುವ ನೀರು, ಸಂತೆ ಮೈದಾನ, ಕೆಲಸಕ್ಕೇನು ಬರ? ಹುಡುಗರು ಮನೆಯ ಮುದ್ದೆ ಉಂಡು ಹೋಗಿ ಬರುತ್ತಾರೆ. ಬಾಡಿಗೆಯ ಮಾತೇ ಬರುವುದಿಲ್ಲ.

ಇನ್ನೊಂದು ವಿಷಯ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಕೃಷಿ ವಿಶ್ವವಿದ್ಯಾಲಯದ ಕೊನೆ ವರ್ಷದ ವಿದ್ಯಾರ್ಥಿಗಳು ಹಳ್ಳಿಗೆ ಬಂದು ತಿಂಗಳುಗಟ್ಟಲೆ ಉಳಿಯುವುದನ್ನು ನೀವು ನೋಡಿರುತ್ತೀರಿ. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದರ ಹೆಸರು. ಶಾಲೆ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯುತ್ತಾರೆ, ನುಸಿ, ಬಿಳಿನೊಣ, ಕಾಂಡ ಸೋರುವ ರೋಗದ ಬಗ್ಗೆ ಹೇಳುತ್ತಾರೆ. ಅರ್ಧ ನಮಗೆ ಗೊತ್ತಿದ್ದದ್ದೇ, ಅರ್ಧ ಉಪಯೋಗಕ್ಕೆ ಬಂದದ್ದು. ಅವರು ಬಂದಾಗ ಊರು ಏನು ಮಾಡಿತು? ಸಮುದಾಯ ಭವನದ ಬೀಗ ತೆಗೆದುಕೊಟ್ಟಿತು. ಯಾರದೋ ಖಾಲಿ ಮನೆ ಗುಡಿಸಿಕೊಟ್ಟಿತು. ಹಬ್ಬಕ್ಕೆ ಊಟಕ್ಕೆ ಕರೆಯಿತು, ಹೋಗುವಾಗ ಚೀಲದಲ್ಲಿ ಕಾಯಿ ಹಾಕಿ ಕಳಿಸಿತು. ನಗರದಿಂದ ಕಲಿಯಲು ಬಂದ ಮಕ್ಕಳಿಗೆ ಹಳ್ಳಿ ಜಾಗ ಕೊಟ್ಟಿತು. ಹಳ್ಳಿಯಿಂದ ಹೋದ ಮಕ್ಕಳ ಹತ್ತಿರ ನಗರ ಅಡ್ವಾನ್ಸ್ ಕೇಳುತ್ತದೆ.

"ಈಗ ಕೊಬ್ಬರಿಗೆ ರೇಟು ಬಂದಿದೆಯಲ್ಲ, ಆರು ಸಾವಿರ ಏನು ಮಹಾ?" ಅಂತ ಪೇಟೆಯ ಸ್ನೇಹಿತರೊಬ್ಬರು ಕೇಳಿದರು. 2025ರಲ್ಲಿ ಕ್ವಿಂಟಲ್‌ಗೆ 20 ಸಾವಿರ ದಾಟಿದ್ದು ನಿಜ. ಯಾಕೆ ದಾಟಿತು? ಮರದಲ್ಲಿ ಕಾಯಿ ಇರಲಿಲ್ಲ, ಅದಕ್ಕೆ. ರೇಟಿದ್ದಾಗ ಅಟ್ಟ ಖಾಲಿ, ಅಟ್ಟ ತುಂಬಿದಾಗ ರೇಟಿಲ್ಲ. 2025ಕ್ಕೆ ಸರ್ಕಾರ ಹೇಳಿದ ಬೆಂಬಲ ಬೆಲೆ 12,100. ನಾವು ಆ ಲೆಕ್ಕವನ್ನೇ ನಂಬುತ್ತೇವೆ. ತಿಂಗಳಿಗೆ ಆರು ಸಾವಿರದಂತೆ ಎರಡು ತಿಂಗಳಿಗೆ ಹನ್ನೆರಡು ಸಾವಿರ, ಅಂದರೆ ಹೆಚ್ಚುಕಮ್ಮಿ ಒಂದು ಕ್ವಿಂಟಲ್.

ಆ ಹುಡುಗಿಗೆ ಏನು ಹೇಳಿದಿರಿ ಅಂತ ಕೇಳುತ್ತೀರಿ. ನಾವು ನಮ್ಮೊಳಗೇ ಜಗಳ ಆಡಿದೆವು. ಹೋಗಬೇಡ, ಪುಕ್ಕಟೆ ದುಡಿಸಿಕೊಳ್ಳುವವರಿಗೆ ಹೂಂ ಅಂದರೆ ಅದೇ ರೂಢಿ ಆಗುತ್ತೆ ಅಂತ ಇಬ್ಬರು. ಹೋಗು, ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬ ಡಬ್ಬಿ ತರುವವನು ಬಂದು ಕೂರುತ್ತಾನೆ ಅಂತ ಮೂವರು. ಕೊನೆಗೆ ಅವಳಿಗೆ ಹೇಳಿದ್ದು ಹೀಗೆ: ಅಪ್ಪನ್ನ ಕೇಳುವ ಮುಂಚೆ ಆ ಸಂಸ್ಥೆಯನ್ನು ಕೇಳು. ಬರವಣಿಗೆಯಲ್ಲಿ ಕೇಳು. ಊಟ, ವಸತಿಗೆ ಏನು ಕೊಡುತ್ತೀರಿ? ಕೊಡದಿದ್ದರೆ ಬೆಳಿಗ್ಗೆ ಹತ್ತೂವರೆಗೆ ಬಂದು ಸಂಜೆ ನಾಲ್ಕಕ್ಕೆ ಬಿಡಬಹುದಾ? ನಾಲ್ಕಕ್ಕೆ ಬಿಟ್ಟರೆ ಊರಿನ ಕೊನೆ ಬಸ್ಸು ಸಿಗುತ್ತೆ. ಕೇಳುವುದಕ್ಕೆ ನಾಚಿಕೆ ಬೇಡ.

ಅವಳು ಕೇಳಿದ್ದಾಳೆ. ದುಡ್ಡಿಲ್ಲ ಅಂದರಂತೆ. ನಾಲ್ಕು ಗಂಟೆಯ ವಿಷಯಕ್ಕೆ "ನೋಡೋಣ ಬನ್ನಿ" ಅಂದಿದ್ದಾರಂತೆ. ಸೋಮವಾರದಿಂದ ಹೋಗುತ್ತಾಳೆ.

ನಿಮ್ಮ ಮನೆಯಿಂದಲೋ ಬೀದಿಯಿಂದಲೋ ಯಾರಾದರೂ ಇಂಟರ್ನ್‌ಶಿಪ್ಪಿಗೆ ತುಮಕೂರಿಗೆ, ಬೆಂಗಳೂರಿಗೆ ಹೋಗಿದ್ದರೆ ಎಷ್ಟು ಖರ್ಚಾಯಿತು, ಏನು ಕೆಲಸ ಕೊಟ್ಟರು ಅಂತ ನಮಗೆ ಒಂದು ವಾಯ್ಸ್ ಮೆಸೇಜ್ ಹಾಕಿ. ಹೆಸರು ಬೇಡ, ಲೆಕ್ಕ ಸಾಕು. ಐವತ್ತು ಲೆಕ್ಕ ಸೇರಿದ ದಿನ ಅದನ್ನು ಹಿಡಿದುಕೊಂಡು ಹಾಸ್ಟೆಲ್ ಬೀಗದ ವಿಷಯ ಮಾತಾಡಲು ನಾವೇ ತುಮಕೂರಿನ ಬಸ್ ಹತ್ತುತ್ತೇವೆ.